ಹಿಂದೆ ಉಳಿಯುವವರು ಮುಂದೆ ನಡೆಯಲಿ

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಡುವ ಟೆಂಪೊ ಟ್ರಾವೆಲರ್‌ಗಳ ಲೆಕ್ಕದಲ್ಲಿ ಮಲೆನಾಡು ಎಂದರೆ ಎರಡು ದಿನದ ಕೆಲಸ. ಶನಿವಾರ ಬೆಳಗ್ಗೆ ಕುಪ್ಪಳಿ, ಮಧ್ಯಾಹ್ನ ಶೃಂಗೇರಿಯಲ್ಲಿ ಊಟ, ಸಂಜೆ ಆಗುಂಬೆಯ ಸೂರ್ಯಾಸ್ತ, ಮರುದಿನ ಜೋಗ, ರಾತ್ರಿ ಮತ್ತೆ ಅದೇ ಸೀಟು. ಹೀಗೆ ಹೋಗಿಬಂದ ಹೆಂಗಸರಿಗೆ ಕೊನೆಗೆ ನೆನಪಿರುವುದು ಘಟ್ಟದ ತಿರುವಿನಲ್ಲಿ ಬಂದ ಹೊಟ್ಟೆ ತೊಳಸು, ದಾರಿಯುದ್ದಕ್ಕೂ ಶೌಚಾಲಯ ಹುಡುಕಿದ ಪರದಾಟ, ಮತ್ತು ಫೋನಿನಲ್ಲಿ ತುಂಬಿದ ಇನ್ನೂರು ಫೋಟೊ. ಇದೇ ಸೀಮೆಯನ್ನು ಬೇರೆ ರೀತಿಯಲ್ಲೂ ನೋಡಬಹುದು. ತೀರ್ಥಹಳ್ಳಿ ತಾಲ್ಲೂಕು ಒಂದನ್ನೇ ಹಿಡಿದು, ಮೂರು ದಿನ ಅಲ್ಲಿಯೇ ಉಳಿದು, ದಿನಕ್ಕೆ ಆರೇಳು ಕಿಲೋಮೀಟರ್ ಮೀರದಂತೆ ನಡೆಯುವುದು. ಏಳೆಂಟು ಹೆಂಗಸರು ಸೇರಿದರೆ ಸಾಕು.

ಈ ಸೀಮೆಗೆ ನಡಿಗೆ ಹೊಸದಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾಯಿತು. ಆ ಕಾದಂಬರಿಯ ಜನರೆಲ್ಲ ನಡೆಯುತ್ತಲೇ ಇರುತ್ತಾರೆ. ನಾಯಿಗುತ್ತಿ ತನ್ನ ಹುಲಿಯನನ್ನು ಕಟ್ಟಿಕೊಂಡು ನಡೆಯುತ್ತಾನೆ, ಚಿನ್ನಮ್ಮ ಹುಲಿಕಲ್ಲು ನೆತ್ತಿಯ ಕಾಡು ಹತ್ತುತ್ತಾಳೆ. ಕತೆಯಲ್ಲಿ ಬರುವ ಮೇಗರವಳ್ಳಿ ಇವತ್ತಿಗೂ ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ ಬಸ್ಸು ನಿಲ್ಲುವ ಊರು. ಕಾದಂಬರಿ ಓದಿದವರಿಗೆ ಈ ಹಳ್ಳಿಗಳ ನಡುವಿನ ದೂರ ಕಾಲಿನ ಲೆಕ್ಕದಲ್ಲೇ ಗೊತ್ತಿರುತ್ತದೆ. ಓದದವರು ಹೊರಡುವ ಮುನ್ನ ಮೊದಲ ನೂರು ಪುಟ ಓದಿಕೊಂಡರೆ ಯಾವ ಗೈಡೂ ಕೊಡದಷ್ಟು ಸಿಗುತ್ತದೆ.

ಇದು ಟ್ರೆಕ್ಕಿಂಗ್ ಅಲ್ಲ ಎಂಬುದನ್ನು ತಂಡ ಕಟ್ಟುವಾಗಲೇ ಸ್ಪಷ್ಟಪಡಿಸಬೇಕು. ಶಿಖರ ಮುಟ್ಟುವ ಹಟ, ಯಾರು ಮೊದಲು ಹತ್ತಿದರು ಎಂಬ ಪೈಪೋಟಿ ಇಲ್ಲಿಗೆ ಬೇಡ. 2022ರಲ್ಲಿ ಬಚೇಂದ್ರಿ ಪಾಲ್ ಮುಂದಾಳತ್ವದಲ್ಲಿ ಐವತ್ತು ದಾಟಿದ ಮಹಿಳೆಯರು ಅರುಣಾಚಲದಿಂದ ಲಡಾಖ್‌ವರೆಗೆ ಹಿಮಾಲಯದುದ್ದಕ್ಕೂ ನಡೆದರು. ವಯಸ್ಸಾದ ಮೇಲೆ ಆಗುವುದಿಲ್ಲ ಎನ್ನುವವರಿಗೆ ಹೇಳಲು ಅದು ಒಳ್ಳೆಯ ಉದಾಹರಣೆ. ಆದರೆ ಮಂಡಿನೋವು, ಬಿಪಿ, ಸಕ್ಕರೆ ಕಾಯಿಲೆ ಇಟ್ಟುಕೊಂಡು, ಮನೆ ಬಿಟ್ಟು ಮೂರು ದಿನ ಹೊರಗೆ ಬರುವುದೇ ಸಾಹಸವಾಗಿರುವವರ ಮುಂದೆ ಅದನ್ನು ಮಾದರಿಯಾಗಿ ನಿಲ್ಲಿಸಿದರೆ ಅವರು ಬರುವುದೇ ಇಲ್ಲ. ಹೆಂಗಸರೇ ಹೋಗಬೇಕೇಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಕುಟುಂಬದ ಜೊತೆ ಹೋದರೆ ನೀರಿನ ಬಾಟಲಿ, ಮಕ್ಕಳ ಸ್ವೆಟರ್, ಮಾವನವರ ಮಾತ್ರೆ ಎಲ್ಲವೂ ಅವಳ ಚೀಲದಲ್ಲೇ ಇರುತ್ತವೆ. ಇಲ್ಲಿ ಅವಳದು ಅವಳ ಚೀಲ ಮಾತ್ರ.

ವೇಗದ ಲೆಕ್ಕಕ್ಕೆ ಬೆಟ್ಟ ಹತ್ತುವವರು ಹಳೆಯ ಸೂತ್ರವೊಂದನ್ನು ಬಳಸುತ್ತಾರೆ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ್ದು: ಸುಮಾರು 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದ ಗಂಡಸರ ಲೆಕ್ಕ. ಗದ್ದೆಯಂಚು, ತೋಟದ ಸಂಕ, ಕಲ್ಲುಮೆಟ್ಟಿಲು, ನಡುವೆ ಮಾತು, ಎಲೆ ಮುಟ್ಟಿ ನೋಡುವುದು, ಯಾರದೋ ಮನೆಯ ಮಜ್ಜಿಗೆ ಎಲ್ಲ ಸೇರಿಸಿಕೊಂಡರೆ ಗಂಟೆಗೆ ಎರಡರಿಂದ ಎರಡೂವರೆ ಕಿಲೋಮೀಟರ್ ಹಿಡಿಯುವುದು ಪ್ರಾಮಾಣಿಕ. ಆರು ಕಿಲೋಮೀಟರ್ ದಾರಿಗೆ ಅರ್ಧ ದಿನ ತೆಗೆದಿಡಬೇಕು. ಇನ್ನು ಸ್ಥಳೀಯರು ಹೇಳುವ “ಇಲ್ಲೇ, ಮುಂದೆ” ಎಂಬ ಮಾತನ್ನು ನಂಬಿ ಹೊರಟವರು ಒಂದು ಗುಡ್ಡ ಇಳಿದು ಇನ್ನೊಂದು ಹತ್ತಿದ ಉದಾಹರಣೆ ಬೇಕಾದಷ್ಟಿದೆ. ದೂರ ಕೇಳುವ ಬದಲು “ನಿಮ್ಮ ಅಮ್ಮ ನಡೆದರೆ ಎಷ್ಟು ಹೊತ್ತು ಹಿಡಿಯುತ್ತದೆ?” ಎಂದು ಕೇಳಿದರೆ ಸರಿಯಾದ ಉತ್ತರ ಬರುತ್ತದೆ.

ಸಾಲಿನಲ್ಲಿ ಯಾರು ಮುಂದೆ ಎಂಬುದು ಸಣ್ಣ ವಿಷಯದಂತೆ ಕಂಡರೂ ಇಡೀ ಪ್ರವಾಸ ನಿಂತಿರುವುದು ಅದರ ಮೇಲೆ. ಚುರುಕಾದವರು ಮುಂದೆ ಹೋದರೆ ಪ್ರತಿ ತಿರುವಿನಲ್ಲೂ ನಿಂತು ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರುವ ಹೊತ್ತಿಗೆ ಅವರ ವಿಶ್ರಾಂತಿ ಮುಗಿದು ಮತ್ತೆ ಹೊರಟಿರುತ್ತಾರೆ. ಹೀಗಾಗಿ ವಿಶ್ರಾಂತಿ ಯಾರಿಗೆ ಬೇಕೋ ಅವರಿಗೇ ಸಿಗುವುದಿಲ್ಲ. ಅತಿ ನಿಧಾನ ನಡೆಯುವವರನ್ನು ದಾರಿ ಬಲ್ಲವರ ಹಿಂದೆಯೇ, ಎರಡನೆಯ ಸ್ಥಾನದಲ್ಲಿ ನಿಲ್ಲಿಸಿದರೆ ತಂಡದ ವೇಗ ತಾನಾಗಿ ಸರಿಹೋಗುತ್ತದೆ, ಯಾರಿಗೂ ಅವಮಾನವೂ ಆಗುವುದಿಲ್ಲ. ಎಲ್ಲರಿಗಿಂತ ಚುರುಕಾದವರು ಕೊನೆಯಲ್ಲಿ, ಔಷಧದ ಚೀಲ ಹಿಡಿದು ಬರಲಿ. ತಂಡ ಹನ್ನೆರಡು ಮೀರಿದರೆ ಈ ವ್ಯವಸ್ಥೆ ಕೆಡುತ್ತದೆ, ಹೋಮ್‌ಸ್ಟೇಯಲ್ಲಿ ಬಚ್ಚಲಿನ ಸರದಿಯೂ ಕೆಡುತ್ತದೆ.

ಯಾವಾಗ ಹೋಗಬೇಕು? ಮಳೆಗಾಲದ ಫೋಟೊ ನೋಡಿ ಜುಲೈಯಲ್ಲಿ ಹೊರಡುವವರು ಬಹಳ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ಹೊತ್ತಿನಲ್ಲಿ ಹಾವಸೆ ಕಟ್ಟಿದ ಕಲ್ಲಿನ ಮೇಲೆ ಕಾಲಿಡುವುದು ಊರಿನವರಿಗೂ ಕಷ್ಟ. ಮಂಡಿ ನೋವಿರುವವರು ಆ ಆಸೆ ಬಿಡುವುದು ಲೇಸು. ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗಿನ ಆರು ವಾರ ಎಲ್ಲ ರೀತಿಯಿಂದಲೂ ಒಳ್ಳೆಯದು. ಹಳ್ಳದಲ್ಲಿ ನೀರಿರುತ್ತದೆ, ದಾರಿ ಒಣಗಿರುತ್ತದೆ, ಗದ್ದೆಯಲ್ಲಿ ಭತ್ತ ಹಣ್ಣಾಗುತ್ತಿರುತ್ತದೆ, ತೋಟಗಳಲ್ಲಿ ಅಡಿಕೆ ಕೊಯ್ಲು ಶುರುವಾಗಿರುತ್ತದೆ. ಸಂಜೆ ಒಮ್ಮೊಮ್ಮೆ ಗುಡುಗಿ ಮಳೆ ಬರಬಹುದು. ನಡಿಗೆಯನ್ನು ಮಧ್ಯಾಹ್ನದೊಳಗೆ ಮುಗಿಸಿದರೆ ಅದರ ಕಾಟವಿಲ್ಲ.

ಈ ಆರು ವಾರದ ಆರಂಭಕ್ಕೆ ಇನ್ನೊಂದು ಆಕರ್ಷಣೆಯಿದೆ: ಆಶ್ವಯುಜದ ಹುಣ್ಣಿಮೆ, ಮಲೆನಾಡಿನವರ ಭೂಮಿ ಹುಣ್ಣಿಮೆ. ತೆನೆ ತುಂಬುವ ಹೊತ್ತಿನ ಭೂಮಿಯನ್ನು ಬಸುರಿಯೆಂದು ಭಾವಿಸಿ ಸೀಮಂತ ಮಾಡುವ ಹಬ್ಬ ಇದು. ರಾತ್ರಿಯೆಲ್ಲ ಅಡುಗೆ ಮಾಡಿ, ಹೊತ್ತು ಮೂಡುವ ಮುಂಚೆ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ. ಸಾಗರ, ಸೊರಬ ಕಡೆಯ ದೀವರ ಹೆಂಗಸರು ಈ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವ ಚಿತ್ತಾರ ಹೆಸರುವಾಸಿ. ಕರೆದರೆ ಹೋಗಬೇಕು. ಕರೆಯದೆ ಕ್ಯಾಮೆರಾ ಹಿಡಿದು ಗದ್ದೆಗೆ ನುಗ್ಗಬಾರದು. ಅದು ಅವರ ಮನೆಯ ಹಬ್ಬ.

ಮೊದಲ ದಿನ ಕುಪ್ಪಳಿಗೆ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಸಿಗುವ ಈ ಊರಿನಲ್ಲಿ ಕುವೆಂಪು ಬಾಲ್ಯ ಕಳೆದ ತೊಟ್ಟಿಮನೆ ಈಗ ವಸ್ತು ಸಂಗ್ರಹಾಲಯ. ರಾತ್ರಿಯ ಪ್ರಯಾಣದ ಸುಸ್ತಿನಲ್ಲಿರುವವರಿಗೆ ಮೊದಲ ದಿನವೇ ದೊಡ್ಡ ಏರು ಕೊಡುವುದು ತಪ್ಪು. ಕವಿಮನೆಯಿಂದ ಕವಿಶೈಲಕ್ಕೆ ಹೋಗುವ ಕಾಡುದಾರಿ ಈ ದಿನಕ್ಕೆ ಹೇಳಿ ಮಾಡಿಸಿದಂತಿದೆ. ಮೇಲೆ ಕಲಾವಿದ ಕೆ.ಟಿ. ಶಿವಪ್ರಸಾದ್ ರೂಪಿಸಿದ ಭಾರೀ ಕಲ್ಲುಗಳ ಮಂಟಪಗಳಿವೆ, 1994ರ ನವೆಂಬರ್‌ನಲ್ಲಿ ತೀರಿಕೊಂಡ ಕವಿಯ ಸಮಾಧಿಯಿದೆ. ಸಮೀಪದಲ್ಲೇ ಪೂರ್ಣಚಂದ್ರ ತೇಜಸ್ವಿ ಅವರ ಸ್ಮಾರಕ. ಬೆಳಗ್ಗೆ ಮನೆ ನೋಡಿ, ಊಟ ಮಾಡಿ, ಒಂದು ಗಳಿಗೆ ಮಲಗಿ, ಸಂಜೆ ನಾಲ್ಕಕ್ಕೆ ಕವಿಶೈಲ ಹತ್ತಿದರೆ ಪಡುವಣದ ಬೆಟ್ಟಸಾಲು ಸಂಜೆ ಬಿಸಿಲಿನಲ್ಲಿ ಕಾಣುತ್ತದೆ. ಕತ್ತಲಾಗುವ ಮೊದಲೇ ಇಳಿಯಬೇಕು.

ಎರಡನೆಯ ದಿನ ಕವಲೇದುರ್ಗ. ಈ ಪ್ರವಾಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದೇ. ಕೆಳದಿ ಅರಸರ ಗಟ್ಟಿ ನೆಲೆಗಳಲ್ಲಿ ಒಂದಾಗಿದ್ದ ಈ ಕೋಟೆಗೆ ಹಿಂದೆ ಭುವನಗಿರಿ ದುರ್ಗ ಎಂಬ ಹೆಸರಿತ್ತು. ಬುಡದ ಹಳ್ಳಿಯಿಂದ ಗದ್ದೆಯ ನಡುವೆ ಸಾಗುವ ದಾರಿ ಆಮೇಲೆ ಕಲ್ಲುಹಾಸಿಗೆ ಸೇರುತ್ತದೆ. ಒಂದಾದ ಮೇಲೊಂದು ಮೂರು ಸುತ್ತಿನ ಗೋಡೆ, ಪ್ರತಿ ಬಾಗಿಲಿನಲ್ಲೂ ಕಾವಲಿನವರ ಕೋಣೆ. ಹತ್ತುವವರಿಗೆ ಈ ಬಾಗಿಲುಗಳೇ ದಣಿವಾರಿಸಿಕೊಳ್ಳುವ ಜಾಗ, ನೆರಳೂ ಇದೆ, ಕೂರಲು ಕಟ್ಟೆಯೂ ಇದೆ. ಏರು ಸುಮಾರು ಎರಡು ಕಿಲೋಮೀಟರ್ ಒಳಗೇ. ಚುರುಕಾದವರು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಾರೆ; ಈ ತಂಡ ಒಂದೂವರೆ ಗಂಟೆ ತೆಗೆದುಕೊಂಡರೂ ಕಳೆದುಕೊಳ್ಳುವುದೇನಿಲ್ಲ.

ಮೇಲೆ ಕಾಶಿ ವಿಶ್ವನಾಥ ದೇವಸ್ಥಾನ, ಅದರಾಚೆ ಅರಮನೆಯ ಅಡಿಪಾಯ. ಗೋಡೆಗಳು ಬಿದ್ದುಹೋಗಿವೆ, ಆದರೆ ಯಾವ ಕೋಣೆ ಎಲ್ಲಿತ್ತು ಎಂದು ನಡೆದೇ ಅಳೆಯಬಹುದು. ಗಂಡಸರ ತಂಡಗಳು ಬುರುಜಿನ ಕಡೆ ಓಡಿದರೆ ಹೆಂಗಸರ ತಂಡ ಅಡುಗೆಮನೆಯ ಹತ್ತಿರ ನಿಲ್ಲುತ್ತದೆ. ಅಲ್ಲಿ ಐದು ಮುಖದ ಕಲ್ಲಿನ ಒಲೆ ಇಂದಿಗೂ ಉಳಿದಿದೆ, ನೀರಿನ ವ್ಯವಸ್ಥೆಯ ಗುರುತುಗಳಿವೆ. ಎಷ್ಟು ಜನಕ್ಕೆ ಬೇಯುತ್ತಿತ್ತು, ಹೊಗೆ ಎಲ್ಲಿಂದ ಹೋಗುತ್ತಿತ್ತು ಎಂಬ ಚರ್ಚೆ ಶುರುವಾದರೆ ಅರ್ಧ ಗಂಟೆ ಅಲ್ಲಿಯೇ. ಈ ರಾಜ್ಯವನ್ನು 1671ರ ಸುಮಾರಿನಿಂದ ಕಾಲು ಶತಮಾನ ಆಳಿದ್ದು ಕೆಳದಿ ಚೆನ್ನಮ್ಮ. ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದವಳು. ಅವಳ ಕತೆಯನ್ನು ಶಾಲೆಯಲ್ಲಿ ಓದಿ ಮರೆತವರು ಇಲ್ಲಿ ಕೂತು ಮತ್ತೊಮ್ಮೆ ಹೇಳಿಕೊಳ್ಳಬಹುದು. ಇಳಿಯುವಾಗ ಎಚ್ಚರ ಹೆಚ್ಚು ಬೇಕು. ಮಂಡಿಗೆ ಪೆಟ್ಟು ಬೀಳುವುದು ಇಳಿತದಲ್ಲೇ. ಊರುಗೋಲು ಹಿಡಿದು, ಹೆಜ್ಜೆ ಚಿಕ್ಕದು ಮಾಡಿ, ಬೇಕಾದರೆ ಮೆಟ್ಟಿಲಿಗೆ ಓರೆಯಾಗಿ ಇಳಿಯಬೇಕು.

ಮೂರನೆಯ ದಿನ ಆಗುಂಬೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಊರು ಎಂದು ಎಲ್ಲರಿಗೂ ಗೊತ್ತು. ಧಾರಾವಾಹಿಯಲ್ಲಿ ಕಂಡ ದೊಡ್ಡಮನೆ ಇನ್ನೂ ಇದೆ. ಊರಿನಿಂದ ಸೂರ್ಯಾಸ್ತದ ಜಾಗಕ್ಕೆ ಡಾಂಬರು ರಸ್ತೆಯಲ್ಲೇ ನಡೆದು ಹೋಗಬಹುದು, ಆದರೆ ಸಂಜೆ ಅಲ್ಲಿ ವಾಹನಗಳ ಸಂತೆ. ಬೆಳಗ್ಗೆ ಮಂಜಿನಲ್ಲಿ ಹೋಗುವುದು ಎಷ್ಟೋ ಮೇಲು. ಬರ್ಕಣ, ಒನಕೆ ಅಬ್ಬಿಯಂಥ ಜಲಪಾತಗಳ ದಾರಿ ಕಾಡಿನೊಳಗಿನದು. ಅರಣ್ಯ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶಕರಿಲ್ಲದೆ ಹೋಗಬಾರದು. ಮಂಡಿ ಒಪ್ಪದವರಿಗೆ ಅದೇ ದಿನ ಕುಂದಾದ್ರಿಯಿದೆ. ಪಾರ್ಶ್ವನಾಥ ಬಸದಿ, ಬಂಡೆಯ ಮೇಲಿನ ಕೊಳಗಳವರೆಗೂ ವಾಹನ ಹೋಗುತ್ತದೆ, ಕೊನೆಗೆ ಸ್ವಲ್ಪವೇ ಮೆಟ್ಟಿಲು. ಅದೂ ಬೇಡವೆಂದರೆ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ದಡದಲ್ಲಿ ಕೂತು ಮತ್ಸ್ಯಧಾಮದ ಮೀನು ನೋಡಬಹುದು. ಯಾರಾದರೂ ಒಬ್ಬರು “ಇವತ್ತು ನಾನು ನಡೆಯುವುದಿಲ್ಲ” ಎಂದರೆ ಅದಕ್ಕೆ ಜಾಗವಿರಬೇಕು.

ಇನ್ನು ಭಯದ ವಿಷಯಗಳು. ಹೆಚ್ಚಿನವರು ಹೆದರುವುದು ಇಂಬಳಕ್ಕೆ. ಅದರಿಂದ ಅಪಾಯ ಕಡಿಮೆ: ಕಿತ್ತೆಳೆಯದೆ ಉಪ್ಪು ಹಾಕಿದರೆ ಉದುರುತ್ತದೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ ಅಷ್ಟೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲೇ ವೈದ್ಯರ ಹತ್ತಿರ ಮಾತಾಡಿ ಬರಬೇಕು. ಊರಿನವರು ಹೊಗೆಸೊಪ್ಪು, ಸುಣ್ಣ ಕಾಲಿಗೆ ಹಚ್ಚಿಕೊಳ್ಳುತ್ತಾರೆ. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಕಾಲುಚೀಲವೂ ಅದೇ ಕೆಲಸ ಮಾಡುತ್ತದೆ.

ನಿಜವಾಗಿ ಗಮನ ಕೊಡಬೇಕಾದದ್ದು ಉಣುಗಿಗೆ. ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಹುಳ ಅದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ತೀರ್ಥಹಳ್ಳಿ ಸೀಮೆಯನ್ನೂ ಬಿಟ್ಟಿಲ್ಲ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ನವೆಂಬರ್ ಒಳಗೇ ಹೋಗಿಬನ್ನಿ ಎನ್ನುವುದಕ್ಕೆ ಇದೇ ದೊಡ್ಡ ಕಾರಣ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಆರೋಗ್ಯ ಇಲಾಖೆ ಹಂಚುವ ಡೀಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರದೆ ನಡೆಯಬೇಕು. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಕಾಲಿಡಬಾರದು. ಮರಳಿದೊಡನೆ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಊರಿಗೆ ಹೋದ ಎರಡು ವಾರದೊಳಗೆ ಜ್ವರ ಬಂದರೆ ಎಲ್ಲಿ ನಡೆದದ್ದೆಂದು ವೈದ್ಯರಿಗೆ ಹೇಳಬೇಕು, ಏಕೆಂದರೆ ನಗರದ ವೈದ್ಯರು ತಾವಾಗಿ ಮಂಗನ ಕಾಯಿಲೆಯನ್ನು ನೆನೆಸಿಕೊಳ್ಳುವುದು ಕಡಿಮೆ.

ಹಾವಿನ ವಿಷಯಕ್ಕೆ ಒಂದೇ ಮಾತು: ಆಗುಂಬೆ ಕಾಳಿಂಗ ಸರ್ಪದ ಊರು, 2005ರಲ್ಲಿ ರೋಮ್ಯುಲಸ್ ವಿಟೇಕರ್ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದಕ್ಕೂ ಅದೇ ಕಾರಣ. ಕತ್ತಲಾದ ಮೇಲೆ ಅಂಗಳಕ್ಕೆ ಹೋಗುವಾಗಲೂ ಟಾರ್ಚ್ ಬೇಕು. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ; ಕಾಲನ್ನು ಅಲುಗಿಸದೆ ನೇರ ಆಸ್ಪತ್ರೆಗೆ. ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112. ಆದರೆ ಕಾಡಿನ ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಹೊರಡುವ ಹೊತ್ತು, ಮರಳುವ ಹೊತ್ತು ಎರಡನ್ನೂ ಮನೆಯವರಿಗೆ ಹೇಳಿಯೇ ಹೊರಡಬೇಕು.

ಹೆಂಗಸರ ಪ್ರವಾಸವನ್ನು ಕೆಡಿಸುವುದು ಹಾವೂ ಅಲ್ಲ, ಇಂಬಳವೂ ಅಲ್ಲ, ಶೌಚಾಲಯ. ದಾರಿಯಲ್ಲಿ ಎಲ್ಲಿಗೆ ಹೋಗುವುದೆಂಬ ಸಂಕೋಚಕ್ಕೆ ಬೆಳಗ್ಗೆಯಿಂದ ನೀರೇ ಕುಡಿಯದೆ ನಡೆದು, ಮಧ್ಯಾಹ್ನಕ್ಕೆ ತಲೆನೋವು, ಮರುದಿನಕ್ಕೆ ಮೂತ್ರದ ಉರಿ. ಇದಕ್ಕೆ ಯೋಜನೆ ಮಾಡುವವರು ಮೊದಲೇ ಉತ್ತರ ಹುಡುಕಿರಬೇಕು. ಎರಡು ಗಂಟೆಗೊಮ್ಮೆ ಒಂದು ಮನೆ ಸಿಗುವಂತೆ ದಾರಿ ಆರಿಸುವುದು, ಆ ಮನೆಯವರಿಗೆ ಹಿಂದಿನ ದಿನವೇ ಹೇಳಿ ಮಜ್ಜಿಗೆಗೋ ಕಷಾಯಕ್ಕೋ ದುಡ್ಡು ಕೊಟ್ಟು ನಿಲ್ಲುವುದು. ಕೋಟೆಯ ಮೇಲೆ ಅಂಥ ಅನುಕೂಲವಿಲ್ಲ. ಅಲ್ಲಿಗೆ ಹಳೆಯ ಸೀರೆ ಅಥವಾ ದುಪ್ಪಟ್ಟಾ ಒಂದಿದ್ದರೆ ಇಬ್ಬರು ಹಿಡಿದು ಮರೆ ಮಾಡಬಹುದು. ಮುಟ್ಟಿನ ದಿನವೆಂದು ಯಾರೂ ಹಿಂದೆ ಸರಿಯಬೇಕಿಲ್ಲ, ಆದರೆ ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಗಟ್ಟಿ ಚೀಲದಲ್ಲಿಟ್ಟು ವಾಪಸ್ಸು ತರಬೇಕು. ಕಾಡಿನಲ್ಲಿ ಹೂಳುವುದು, ಹೋಮ್‌ಸ್ಟೇಯ ಹಂಡೆ ಒಲೆಗೆ ಹಾಕುವುದು ಎರಡೂ ತಪ್ಪು. ದೇವಸ್ಥಾನದ ಒಳಗೆ ಹೋಗುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಅದನ್ನು ತಂಡದಲ್ಲಿ ಯಾರೂ ಎತ್ತಿ ಆಡಬಾರದು.

ತಯಾರಿಗೆ ಆರು ವಾರ ಸಾಕು. ದಿನಾ ಅರ್ಧ ಗಂಟೆ ನಡಿಗೆಯಿಂದ ಶುರುಮಾಡಿ, ಮೂರನೆಯ ವಾರದಿಂದ ಮೆಟ್ಟಿಲು ಸೇರಿಸಿ, ಕೊನೆಯ ಎರಡು ಭಾನುವಾರ ಎರಡು ಗಂಟೆ ನಡೆದರೆ ಈ ದಾರಿಗೆ ಬೇಕಾದ ಬಲ ಬರುತ್ತದೆ. ಹೊಸ ಶೂ ಹಾಕಿಕೊಂಡು ಹೊರಡುವವರಿಗೆ ಮೊದಲ ದಿನವೇ ಬೊಬ್ಬೆ. ಆರು ವಾರವೂ ಅದೇ ಶೂನಲ್ಲಿ ನಡೆದಿರಬೇಕು, ಅಟ್ಟೆಗೆ ಹಿಡಿತವಿರಬೇಕು. ಚೂಡಿದಾರ ಆಗುತ್ತದೆ, ಆದರೆ ಬಾಟಮ್ ಕಾಲಿಗೆ ಅಂಟಿರಲಿ. ಬಿಪಿ, ಸಕ್ಕರೆಯ ಮಾತ್ರೆ ಎರಡು ಪಾಲು ಮಾಡಿ ಒಂದನ್ನು ಗೆಳತಿಯ ಚೀಲದಲ್ಲಿಡುವುದು ಜಾಣತನ.

ಮಲೆನಾಡಿನ ಹೋಮ್‌ಸ್ಟೇಗಳಲ್ಲಿ ಊಟ ತಿಂಡಿ ಸೇರಿಸಿ ತಲೆಗಿಷ್ಟು ಎಂಬ ಲೆಕ್ಕ. ದೊಡ್ಡ ರೆಸಾರ್ಟಿಗಿಂತ ಮನೆಯವರೇ ಇರುವ ಜಾಗ ಹುಡುಕಬೇಕು. ಅಕ್ಕಿರೊಟ್ಟಿ, ಕಡುಬು, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಸಿಗುವುದು ಅಲ್ಲೇ. ಹಂಡೆಯ ಬಿಸಿನೀರು ಸಿಗುವುದೂ ಅಲ್ಲೇ. ನವೆಂಬರಿನಲ್ಲಾದರೆ ಸಂಜೆ ಅಂಗಳದಲ್ಲಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುವವರ ಜೊತೆ ಕೂರಬಹುದು. ಸುಲಿಯುವ ಯಂತ್ರ ಬಂದ ಮೇಲೆ ಆ ನೋಟ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮನೆಯಾಕೆಯ ಹತ್ತಿರ ಒಂದು ವಿಷಯ ಮೊದಲೇ ಮಾತಾಡಿಕೊಳ್ಳಬೇಕು: ಎಷ್ಟು ಹೊತ್ತಿಗೆ ಊಟ. ಎಂಟು ಜನ ನಗರದ ಹೆಂಗಸರು ರಾತ್ರಿ ಹತ್ತೂವರೆಗೆ ರೊಟ್ಟಿ ಕೇಳಿದರೆ ಇವರ ರಜೆ ಅವರಿಗೆ ಸಜೆ.

ದಾರಿಯ ರೀತಿನೀತಿ ಸರಳ. ತೋಟದ ಬೇಲಿಗೆ ಅಡ್ಡ ಹಾಕಿದ ಉಣಗೋಲು ತೆಗೆದು ದಾಟಿದವರು ಮರಳಿ ಹಾಕಬೇಕು, ಇಲ್ಲವಾದರೆ ದನ ನುಗ್ಗುತ್ತದೆ. ಒಣಹಾಕಿದ ಅಡಿಕೆಯ ಹತ್ತಿರ ಶೂ ಹಾಕಿ ಹೋಗಬಾರದು. ಗದ್ದೆಯಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಯಾಲಕ್ಕಿ, ಕಾಳುಮೆಣಸು ಕೀಳಬಾರದು.

ಹೋಗುವುದು ಸುಲಭ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರೈಲಿದೆ, ಅಲ್ಲಿಂದ ತೀರ್ಥಹಳ್ಳಿ ಸುಮಾರು 60 ಕಿಲೋಮೀಟರ್. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಹಾಗೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇದು ಸಲ್ಲುವುದಿಲ್ಲ. ತೀರ್ಥಹಳ್ಳಿಯ ಸುತ್ತಮುತ್ತ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ದುಡ್ಡು ಕೊಡಬೇಕು. ಕವಲೇದುರ್ಗದ ದಿನಕ್ಕೆ ಮಾತ್ರ ಜೀಪು ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು, ಮಧ್ಯದಲ್ಲಿ ಯಾರಾದರೂ ಸೋತರೆ ವಾಪಸ್ಸು ಕಳಿಸಲು ಅನುಕೂಲ. ದಿನ ಆರಿಸುವಾಗ ಶನಿವಾರ, ಭಾನುವಾರ ಮತ್ತು ದಸರಾ ರಜೆಯನ್ನು ಬಿಟ್ಟು ಮಂಗಳವಾರದಿಂದ ಗುರುವಾರದವರೆಗೆ ನೋಡಿ: ಕೋಣೆಗಳು ಸುಲಭವಾಗಿ ಸಿಗುತ್ತವೆ, ಬಾಡಿಗೆ ಚೌಕಾಸಿಗೂ ಅವಕಾಶವಿರುತ್ತದೆ, ಕೋಟೆಯ ಮೇಲೆ ಜನರೂ ಕಡಿಮೆ.